ಮೆಕ್ಯಾನಿಕ್ ಮುಂದೆ ಕೆಮ್ಮದ ಗಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಪ್ಲಾಸ್ಟಿಕ್ ಕುರ್ಚಿ ಕಂಡರೆ ಆಗುವುದಿಲ್ಲ. ಕೂರುವುದಕ್ಕೆ ತಕರಾರಿಲ್ಲ, ಅದನ್ನು ನನ್ನ ಮುಂದೆ ತಂದಿಡುವ ರೀತಿಗೆ ತಕರಾರು. ವಯಸ್ಸಾದ ಹೆಂಗಸು ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಗ್ಯಾರೇಜಿಗೋ ಹೋಗಿ ಬಾಯಿ ತೆರೆದಳು ಅಂದರೆ ಸಾಕು, ಎದುರಿಗಿರುವವನು ಅವಳ ಮಾತು ಕೇಳುವುದು ಬಿಟ್ಟು ಕುರ್ಚಿ ಹುಡುಕುತ್ತಾನೆ. 'ಅಜ್ಜೀ, ಕೂತ್ಕೊಳಿ' ಎನ್ನುತ್ತಾನೆ. ಕೂತೆವೋ, ಅಲ್ಲಿಗೆ ನಮ್ಮ ಕೇಸ್ ಕ್ಲೋಸ್. ನಿಂತವರೆಲ್ಲ ನಮ್ಮ ತಲೆಯ ಮೇಲಿಂದ ಮಾತಾಡಿಕೊಂಡು ನಮ್ಮ ವಿಷಯವನ್ನು ತೀರ್ಮಾನ ಮಾಡಿ ಮುಗಿಸುತ್ತಾರೆ. ಇದಕ್ಕೆ ರೆಸ್ಪೆಕ್ಟ್ ಎಂದು ಹೆಸರು. ನಾನು ಓದಿದ ಕಾನ್ವೆಂಟಿನಲ್ಲಿ ಜಾಸ್ತಿ ಪ್ರಶ್ನೆ ಕೇಳುವ ಹುಡುಗಿಯನ್ನು ಹೀಗೇ ಮೂಲೆಗೆ ಕಳಿಸಿ ಕೂರಿಸುತ್ತಿದ್ದರು. ಆದರೆ ಸಿಸ್ಟರುಗಳು ಪ್ರಾಮಾಣಿಕರು, ಅದನ್ನು ಪನಿಶ್‌ಮೆಂಟ್ ಎಂದೇ ಕರೆಯುತ್ತಿದ್ದರು. ಕಳೆದ ಮೂರು ತಿಂಗಳಲ್ಲಿ ನಾನು ಕೋಲಾರದಲ್ಲೊಂದು ಕೆಂಪು ಕುರ್ಚಿ, ಮಾಲೂರಿನಲ್ಲೊಂದು ನೀಲಿ ಕುರ್ಚಿ, ಶ್ರೀನಿವಾಸಪುರದಲ್ಲಿ ಒಂದು ಕಾಲು ಸೀಳಿ ತಂತಿ ಕಟ್ಟಿದ್ದ ಬಿಳಿ ಕುರ್ಚಿ, ಇಷ್ಟರ ಮೇಲೂ ಕೂತು ಬಂದಿದ್ದೇನೆ. ಯಾವುದರ ಮೇಲೆ ಕೂತಾಗಲೂ ನನ್ನ ಮಾತನ್ನು ಯಾರೂ ಪೂರ್ತಿ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಮಧ್ಯದಲ್ಲಿ ಎದ್ದು ನನಗೆ ಕುರ್ಚಿ ತರಲಾರರು ಎಂಬ ಧೈರ್ಯ.

ವಿಷಯ ಒಂದು ಗಾಡಿಯದು. ಕ್ಯಾಲನೂರಿನ ದಾರಿಯಲ್ಲಿ ನಮ್ಮದೊಂದು ಸಸಿಗಳ ನರ್ಸರಿ ಇದೆ. ನೆರಳು ಪರದೆಯ ಕೆಳಗೆ ಸಾಲು ಸಾಲು ಟ್ರೇಗಳಲ್ಲಿ ಟೊಮೆಟೊ, ಕ್ಯಾಪ್ಸಿಕಂ, ಹೂಕೋಸು, ಬದನೆ ಮೊಳೆಸಿ, ಇಪ್ಪತ್ತು ಇಪ್ಪತ್ತೈದು ದಿನ ಸಾಕಿ, ರೈತರ ಹೊಲಕ್ಕೇ ತಲುಪಿಸುತ್ತೇವೆ. 'ತಲುಪಿಸುತ್ತೇವೆ' ಎಂದು ನಾನು ಹೇಳಿಕೊಳ್ಳುವುದು. ನಡೆಸುವವಳು ನನ್ನ ಸೊಸೆ ಶೈಲಜ. ತೋಟಗಾರಿಕೆ ಓದಿದವಳು, ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡುತ್ತಾ ಮೂರನೆಯವರನ್ನು ಬೈಯಬಲ್ಲಳು. ನನ್ನ ಮಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕಿದ್ದಾನೆ. ಕಂಪನಿ ಬಸ್ಸಿನಲ್ಲಿ ಹೋಗುತ್ತಾನೆ, ಬರುತ್ತಾನೆ, ಉಳಿದ ಹೊತ್ತು ನಿದ್ದೆ ಮಾಡುತ್ತಾನೆ. ಹಾಗಾಗಿ ಈ ಕಥೆಯಲ್ಲಿ ಅವನ ಪಾತ್ರ ಇಲ್ಲ. ಸಸಿ ಸಾಗಿಸುವುದಕ್ಕೆ ಒಂದು ಪುಟ್ಟ ಪೆಟ್ರೋಲ್ ಟ್ರಕ್ ಇದೆ, ಸೆಕೆಂಡ್ ಹ್ಯಾಂಡ್. ಅದರ ಇಂಜಿನ್ ಇರುವುದು ಮುಂದೆ ಅಲ್ಲ, ಹಿಂದೆಯೂ ಅಲ್ಲ, ನಾವು ಕೂರುವ ಸೀಟಿನ ಕೆಳಗೆ. ಸೀಟನ್ನು ಡಬ್ಬಿಯ ಮುಚ್ಚಳದ ಹಾಗೆ ಎತ್ತಿದರೆ ಒಳಗೆ ಇಂಜಿನ್ ಕಾಣುತ್ತದೆ. ನಾವೆಲ್ಲ ಗೌರವದಿಂದ ಅದನ್ನು ಲಾರಿ ಎನ್ನುತ್ತೇವೆ.

ಅದನ್ನು ಓಡಿಸುವವನು ನಾರಾಯಣಪ್ಪ. ಐವತ್ತು ದಾಟಿದ ಮನುಷ್ಯ, ಮುಳಬಾಗಿಲಿನ ಆಚೆಯವನು, ಅರ್ಧ ಮಾತು ತೆಲುಗು, ಅರ್ಧ ಮಾತು ಕನ್ನಡ, ಅವೆರಡನ್ನೂ ತುಟಿ ಜಾಸ್ತಿ ಬಿಡಿಸದೆ ಆಡುತ್ತಾನೆ. ಅವನ ಪಕ್ಕದ ಸೀಟು ನನ್ನದು. ಸೋಮವಾರ ಮಾಲೂರಿನ ಕಡೆ, ಬುಧವಾರ ಮುಳಬಾಗಿಲು, ಶುಕ್ರವಾರ ಶ್ರೀನಿವಾಸಪುರ, ನಡುನಡುವೆ ಹುತ್ತೂರು. ರೈತರ ಹೊಲದಂಚಿನಲ್ಲಿ ಇಳಿದು, 'ಸಂಜೆ ನೆಡಿ, ಬಿಸಿಲಲ್ಲಿ ನೆಡಬೇಡಿ' ಎಂದು ಹೇಳಿ, ಅವರ ಹೆಂಗಸರ ಹತ್ತಿರ ಎರಡು ಮಾತಾಡಿ, ಕೊಟ್ಟ ಮಜ್ಜಿಗೆ ಕುಡಿದು ಬರುತ್ತೇನೆ. ನೋಡಿದರೆ ಇಷ್ಟೇ. ಆದರೆ ಇಪ್ಪತ್ತೆರಡನೆಯ ವಯಸ್ಸಿಗೆ ಮದುವೆಯಾಗಿ ಬಂದು ಐವತ್ತು ವರ್ಷ ರಾಗಿ ಕೇರಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಎಲ್ಲರ ಊಟ ಆದ ಮೇಲೆ ಉಂಡವಳಿಗೆ ಆ ಸೀಟು ಏನು ಅಂತ ಯಾರಿಗೆ ಹೇಳಲಿ. ಗಾಜಿನಾಚೆ ರಸ್ತೆ ಓಡಿಬರುತ್ತಿರುತ್ತದೆ, ಯಾರೂ 'ಅತ್ತೆ, ಕುಕ್ಕರ್ ನೋಡಿ' ಅನ್ನುವುದಿಲ್ಲ. ಮೈ ವಿಂಡೋ ಸೀಟ್, ಅದೂ ಎಪ್ಪತ್ತು ದಾಟಿದ ಮೇಲೆ ಸಿಕ್ಕಿದ್ದು.

ತೊಂದರೆ ಶುರುವಾಗಿದ್ದು ಬೇಸಿಗೆಯ ನಡುವೆ. ಒಂದು ಸೋಮವಾರ, ಕೋಲಾರ ದಾಟಿ ನರಸಾಪುರದ ಕಡೆ ಹೊರಟಿದ್ದೆವು. ಗಾಡಿ ಒಮ್ಮೆ ಕೆಮ್ಮಿತು. ಮೈ ಒದರಿತು. ಮತ್ತೆ ನೆಟ್ಟಗೆ ಓಡಿತು. ಸ್ವಲ್ಪ ದೂರ ಹೋದ ಮೇಲೆ ಪುನಃ ಅದೇ. ನನಗೆ ತಕ್ಷಣ ಗೊತ್ತಾಯಿತು, ನಾಲ್ಕರಲ್ಲಿ ಒಂದು ಏಟು ತಪ್ಪುತ್ತಿದೆ. ಹೇಗೆ ಗೊತ್ತಾಯಿತು ಎಂದರೆ, ನಾನು ಆರು ವರ್ಷ ಪಿಯಾನೋ ಕಲಿತವಳು. ಸಿಸ್ಟರ್ ಬರ್ನಡೆಟ್ ಪಿಯಾನೋದ ಮೇಲೆ ಟಕ್ ಟಕ್ ಎಂದು ತಾಳ ಹೊಡೆಯುವ ಮೆಟ್ರೋನೋಮ್ ಇಟ್ಟು, ಕೈಯಲ್ಲಿ ಮರದ ಸ್ಕೇಲ್ ಹಿಡಿದು ನಿಲ್ಲುತ್ತಿದ್ದರು. ಒಂದು ಬೀಟ್ ತಪ್ಪಿದರೆ ಗೆಣ್ಣಿನ ಮೇಲೆ ಒಂದು. ಹಾಗೆ ಕಲಿತ ತಾಳ ಮರೆಯುವುದಿಲ್ಲ. ಮದುವೆಯಾದ ಮೇಲೆ ಪಿಯಾನೋ ಎಲ್ಲಿಂದ ಬರಬೇಕು, ಬಹಳ ವರ್ಷ ಅಡುಗೆಮನೆಯ ಕಟ್ಟೆಯ ಅಂಚಿನಲ್ಲಿ ಬೆರಳು ಆಡಿಸುತ್ತಿದ್ದೆ. ನಮ್ಮತ್ತೆ ಅದನ್ನು ಯಾವುದೋ ನರದ ಕಾಯಿಲೆ ಎಂದುಕೊಂಡು ಎಣ್ಣೆ ತಿಕ್ಕಿಸಿದ್ದರು. ಬೆರಳು ನಿಂತವು, ಕಿವಿ ಉಳಿಯಿತು. ಆ ಕಿವಿಗೆ ಲಾರಿಯ ಇಂಜಿನ್ ಒನ್, ಟೂ, ಥ್ರೀ ಅಂದು ನಾಲ್ಕನೆಯದನ್ನು ನುಂಗುವುದು ಸಿಸ್ಟರ್ ಬರ್ನಡೆಟ್ ಅವರ ಸ್ಕೇಲಿನಷ್ಟು ಸ್ಪಷ್ಟವಾಗಿ ಕೇಳಿಸಿತು.

ನಾರಾಯಣಪ್ಪನನ್ನು ಕೇಳಿದೆ. ಅವನೂ ತಲೆಯಾಡಿಸಿದ. ಮಿಸ್ಸಿಂಗ್ ಬರ್ತಾ ಇದೆ ಎಂದು ಕೈ ಸನ್ನೆಯಲ್ಲೇ ಹೇಳಿದ. ಸಂತೋಷವಾಯಿತು, ಸಾಕ್ಷಿ ಸಿಕ್ಕಿತಲ್ಲ ಅಂತ. ಆದರೆ ಆ ಸಾಕ್ಷಿ ಎಂಥದು ಎನ್ನುವುದು ಮರುದಿನ ಗೊತ್ತಾಯಿತು. ಶೈಲಜ ತಾನೇ ಗಾಡಿ ಓಡಿಸಿಕೊಂಡು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಲಾರದವರೆಗೆ ಹೋಗಿ ಬಂದಳು. ಗಾಡಿ ಬೆಣ್ಣೆಯ ಹಾಗೆ ಓಡಿತಂತೆ. ಎಲ್ಲಯ್ಯಾ ಮಿಸ್ಸಿಂಗ್ ಎಂದು ಅವಳು ಕೇಳಿದ್ದಕ್ಕೆ ನಮ್ಮ ಮಹಾನುಭಾವ ಹೇಳಿದ್ದು ಇಷ್ಟು: "ಇದ್ದಂಗೂ ಐತಮ್ಮ, ಇಲ್ದಂಗೂ ಐತೆ." ಕೋರ್ಟಿನಲ್ಲಿ ಇಂಥ ಸಾಕ್ಷಿ ಹೇಳಿದ್ದರೆ ಜಡ್ಜ್ ಅವನನ್ನೇ ಒಳಗೆ ಹಾಕುತ್ತಿದ್ದರು. ಅವನ ಕಷ್ಟ ನನಗೆ ಆಮೇಲೆ ಅರ್ಥವಾಯಿತು. ಇದೆ ಎಂದರೆ, ನೀನು ಹೇಗೆ ಓಡಿಸ್ತೀಯಾ ಎಂದು ಸೊಸೆ ಕೇಳುತ್ತಾಳೆ. ಇಲ್ಲ ಎಂದರೆ ಅತ್ತೆ ಬಿಡುವುದಿಲ್ಲ. ಆದರೂ ನನಗೆ ಆ ದಿನ ಸಿಟ್ಟು ಬಂದಿದ್ದು ಬಂದದ್ದೇ.

ಕೋಲಾರದ ಬೈಪಾಸಿನಲ್ಲಿ ಬಾಷಾ ಎಂಬ ಮೆಕ್ಯಾನಿಕ್ ಇದ್ದಾನೆ. ಒಳ್ಳೆಯವನು, ಕೆಲಸದಲ್ಲಿ ಶುದ್ಧ. ಅವನ ಹತ್ತಿರ ಹೋಗುವಾಗ ಗಾಡಿ ಎರಡು ಮೈಲಿ ಕೆಮ್ಮುತ್ತಾ ಬಂತು, ಮೂರನೆಯ ಮೈಲಿಗೆ ಸುಮ್ಮನಾಯಿತು, ಗ್ಯಾರೇಜ್ ಮುಂದೆ ನಿಲ್ಲುವ ಹೊತ್ತಿಗೆ ಬಿಳಿ ಫ್ರಾಕ್ ಹಾಕಿಕೊಂಡು ಚರ್ಚಿಗೆ ಫಸ್ಟ್ ಕಮ್ಯೂನಿಯನ್‌ಗೆ ಹೊರಟ ಹುಡುಗಿಯ ಹಾಗೆ ಮುಖ ತೊಳೆದುಕೊಂಡು ನಿಂತಿತ್ತು. ನಾನು ಬೀಟ್ ತಪ್ಪುವುದನ್ನು ವಿವರಿಸಿದೆ. ಬಾನೆಟ್ ಇಲ್ಲದ ಗಾಡಿಯಾದ್ದರಿಂದ ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕಿಯೂ ತೋರಿಸಿದೆ. ಬಾಷಾ ಬಹಳ ಭಕ್ತಿಯಿಂದ ನೋಡಿ, ಒಳಗಿನಿಂದ ಕೆಂಪು ಕುರ್ಚಿ ತರಿಸಿದ. ನಾಲ್ಕೂ ಪ್ಲಗ್ ಬದಲಾಯಿಸಿ, ನನ್ನನ್ನು ಅಲ್ಲೇ ಬಿಟ್ಟು ಒಂದು ಸುತ್ತು ಓಡಿಸಿಕೊಂಡು ಬಂದು, ಈಗ ರಾಕೆಟ್ ಅಜ್ಜೀ ಎಂದ. ಗುರುವಾರದವರೆಗೆ ರಾಕೆಟ್ಟೇ. ಗುರುವಾರ ನಾನು ಹತ್ತಿದೆ, ಹುತ್ತೂರು ತಲುಪುವ ಮೊದಲೇ ಕೆಮ್ಮು.

ಮಾಲೂರಿನವನು ಹೊಸ ಕಾಲದ ಹುಷಾರಿ ಮನುಷ್ಯ, ಅವನ ಹತ್ತಿರ ಸ್ಕ್ಯಾನರ್ ಇತ್ತು. ಸ್ಟೀರಿಂಗ್ ಕೆಳಗೆ ಒಂದು ವಯರ್ ಚುಚ್ಚಿ ನೋಡಿದರೆ ಇಂಜಿನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದಂತೆ. ನನಗೆ ಒಂದು ಆಸೆ ಹುಟ್ಟಿತು, ಸದ್ಯ ಮಿಷಿನ್ನಾದರೂ ನನ್ನ ಪರ ಇರಬಹುದು ಅಂತ. ಇತ್ತು ಕೂಡ. ಸ್ಕ್ರೀನಿನ ಮೇಲೆ ಉದ್ದಕ್ಕೆ ಲಿಸ್ಟ್ ಬಂತು. ನಾನು ನೀಲಿ ಕುರ್ಚಿಯಿಂದ ಎದ್ದು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅವನು, ಇವೆಲ್ಲ ಹಳೇ ಕಂಪ್ಲೇಂಟು ಎಂದು ಒಂದೇ ಬಟನ್ ಒತ್ತಿ ಪೂರ್ತಿ ಅಳಿಸಿದ. ಅಳಿಸಿ, ನೋಡಿ ಅಜ್ಜೀ, ಈಗ ಒಂದೂ ಫಾಲ್ಟ್ ಇಲ್ಲ ಎಂದು ಖಾಲಿ ಸ್ಕ್ರೀನ್ ತೋರಿಸಿದ. ಇಂಜಿನ್ ಬಾಯಿ ಬಿಟ್ಟು ನನ್ನ ಪರ ಸಾಕ್ಷಿ ಹೇಳುತ್ತಿತ್ತು. ಆ ಹೇಳಿಕೆಯನ್ನೇ ಹರಿದುಹಾಕಿ, ಸಾಕ್ಷಿ ಇಲ್ಲ ಎಂದ ಹಾಗಾಯಿತು. ನನಗೆ ಎಷ್ಟು ಕೋಪ ಬಂತೆಂದರೆ ಇಂಗ್ಲಿಷಿನಲ್ಲೇ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ನಾರಾಯಣಪ್ಪನ ಕಡೆ ತಿರುಗಿ, ಅಜ್ಜಿ ಟೀಚರ್ ಆಗಿದ್ರಾ ಎಂದು ವಿಚಾರಿಸಿದನಂತೆ.

ಶ್ರೀನಿವಾಸಪುರದವನು ಸ್ಕ್ಯಾನರ್ ಮುಟ್ಟುವವನಲ್ಲ, ಮೂಗಿನ ಮನುಷ್ಯ. ಟ್ಯಾಂಕಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿ, ಬಿಸಿಲಿಗೆ ಹಿಡಿದು, ಮೂಸಿ, ಎಳನೀರು ಪರೀಕ್ಷೆ ಮಾಡುವವನ ಹಾಗೆ ಅಲ್ಲಾಡಿಸಿದ. ಪೆಟ್ರೋಲಿನಲ್ಲಿ ನೀರಿದೆ ಎಂದು ಹೇಳಿ ಎಲ್ಲವನ್ನೂ ಚೆಲ್ಲಿಸಿ ಹೊಸದು ಹಾಕಿಸಿದ. ಆಮೇಲೆ ನಾರಾಯಣಪ್ಪನ ಕಾಲನ್ನೇ ಬಹಳ ಹೊತ್ತು ನೋಡಿ, ಕ್ಲಚ್ ಮೇಲಿನ ಪಾದ ಸರಿಯಿಲ್ಲ ಎಂದೂ ಸೇರಿಸಿದ. ಇಪ್ಪತ್ತೈದು ವರ್ಷ ಸ್ಟೀರಿಂಗ್ ಹಿಡಿದವನಿಗೆ ಆ ಮಾತು ಎಷ್ಟು ನೋಯಿಸಿತೆಂದರೆ, ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ತನ್ನ ಎಡಗಾಲನ್ನು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದ. ಅವನು ಕಾಲು ನೋಡುತ್ತಿದ್ದಾಗಲೇ ಗಾಡಿ ಮತ್ತೆ ಕೆಮ್ಮಿತು.

ಅಂದು ಸಂಜೆ ಶೈಲಜ ನನ್ನ ಪಕ್ಕದಲ್ಲಿ ಬಂದು ಕೂತಳು. ಎರಡು ಫೋನನ್ನೂ ದೂರ ಇಟ್ಟು ಬಂದಿದ್ದಳು, ಆಗಲೇ ನನಗೆ ಭಯವಾಯಿತು.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ನಾನು ಆರು ಸಲ ಓಡಿಸಿದೀನಿ, ಒಂದ್ಸಲಾನೂ ಬಂದಿಲ್ಲ. ಮೂರು ಮೆಕ್ಯಾನಿಕ್ ಏನೂ ಇಲ್ಲ ಅಂದ್ರು. ಗಾಡಿ ಸರಿಯಿದ್ದು ನಿಮಗೆ ಮಾತ್ರ ಸದ್ದು ಕೇಳ್ಸುತ್ತೆ ಅಂದ್ರೆ, ಒಂದ್ಸಲ ಕಿವಿ ತೋರಿಸ್ಬಿಡೋಣ. ಅಲ್ಲೀವರ್ಗೂ ಗಾಡೀಲಿ ಹೋಗೋದು ಬೇಡ. ಹೈವೇ ಪಕ್ಕ ಇಳೀತೀರ, ಹತ್ತೀರ. ಹಿಂದಿಂದ ಬರೋ ಬಸ್ಸು ಕೇಳಿಸ್ದೇ ಇದ್ರೆ?"

ನೋಡಿ ಅನ್ಯಾಯ. ಇಡೀ ಕೋಲಾರ ಜಿಲ್ಲೆಯಲ್ಲಿ ಯಾರಿಗೂ ಕೇಳಿಸದ ಸದ್ದು ಕೇಳಿಸುವ ಕಿವಿ ನನ್ನದು, ಆ ಕಾರಣಕ್ಕೇ ಅದು ಕೆಟ್ಟ ಕಿವಿ. ಕಿವುಡರಿಗೆ ಇರುವುದು ಕೇಳಿಸುವುದಿಲ್ಲ ಎಂದು ಗೊತ್ತಿತ್ತು, ಇಲ್ಲದ್ದು ಕೇಳಿಸುತ್ತದೆ ಎಂದು ಅವತ್ತೇ ತಿಳಿದದ್ದು. ಆ ರಾದ್ಧಾಂತದಲ್ಲಿ ನಾನು ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಸಿಸ್ಟರ್ ಬರ್ನಡೆಟ್ ಹೆಸರು ಮೂರು ಸಲ ಬಂತು ಎಂಬುದು ಖಂಡಿತ. ಕೊನೆಗೆ ರಾಜಿಯಾಯಿತು. ಈ ಬುಧವಾರದ ಮುಳಬಾಗಿಲು ಟ್ರಿಪ್ ಒಂದು ನನ್ನದು. ಅಷ್ಟರಲ್ಲಿ ಮಿಸ್ಸಿಂಗ್ ಇದೆ ಎಂದು ಯಾವನಾದರೂ ಒಬ್ಬ ಮೆಕ್ಯಾನಿಕ್ ಬಾಯಲ್ಲಿ ಹೇಳಿಸಿದರೆ ಸರಿ. ಇಲ್ಲದಿದ್ದರೆ ಕಿವಿ ಡಾಕ್ಟರು, ಮತ್ತು ಆ ಕಿಟಕಿಯ ಪಕ್ಕದ ಸೀಟಿಗೆ ಗುಡ್ ಬೈ.

ನಾನು ಸುಮ್ಮನೆ ಸೋಲುವವಳಲ್ಲ. ಮೊದಲ ದಿನದಿಂದಲೂ ಒಂದು ಡೈರಿಯಲ್ಲಿ ಎಲ್ಲ ಬರೆದಿಟ್ಟಿದ್ದೆ. ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ, ಅಂಚಿಗೆ ಗೆರೆ ಹೊಡೆದು: ಯಾವ ರಸ್ತೆ, ಎಷ್ಟು ಹೊತ್ತಿಗೆ, ಬಿಸಿಲೋ ಮೋಡವೋ, ಎಷ್ಟು ಟ್ರೇ ಲೋಡ್, ಗಾಡಿಯಲ್ಲಿ ಯಾರ್ಯಾರಿದ್ದರು, ಕೆಮ್ಮಿತೋ ಇಲ್ಲವೋ. ಅದನ್ನು ಹಿಡಿದುಕೊಂಡು ಬುಧವಾರ ಬೆಳಿಗ್ಗೆ ಹೊರಟೆ. ದಾರಿಯಲ್ಲಿ ಗಾಡಿ ಕೆಮ್ಮಿತು, ಸುಮ್ಮನಾಯಿತು, ಅದನ್ನೂ ಬರೆದುಕೊಂಡೆ. ಮುಳಬಾಗಿಲಿನ ಹೊರಗೆ ಒಂದು ಹೊಲದಲ್ಲಿ ಟೊಮೆಟೊ ಸಸಿ ಇಳಿಸಿದೆವು. ಅವರ ಬೋರ್‌ವೆಲ್ ಹತ್ತಿರ ಮುಖ ತೊಳೆದು ಮತ್ತೆ ಹತ್ತಿದೆ. ಹೊಲದಿಂದ ಎರಡು ಫರ್ಲಾಂಗ್ ಬಂದಿರಲಿಲ್ಲ, ಗಾಡಿ ಹಿಂದೆಂದೂ ಕೆಮ್ಮದ ಹಾಗೆ ಕೆಮ್ಮಿತು. ಎದುರಿಗೇ ರಸ್ತೆಯ ಪಕ್ಕದಲ್ಲಿ, ಹುಣಸೇಮರದ ಕೆಳಗೆ, ಆಟೋ ಎಲೆಕ್ಟ್ರಿಷಿಯನ್ ಎಂದು ಬರೆದ ತಗಡಿನ ಶೆಡ್ಡು. ನಿಲ್ಲಿಸು ಎಂದು ನಾರಾಯಣಪ್ಪನ ಭುಜಕ್ಕೆ ಡೈರಿಯಿಂದ ಬಡಿದೆ. ಇಂಜಿನ್ ಆಫ್ ಮಾಡಿದೆಯೋ ನೋಡು ಎಂದೂ ಹೇಳಿದೆ.

ಶೆಡ್ಡಿನಿಂದ ಬಂದವರು ಕೃಷ್ಣಾಚಾರಿ. ಅರವತ್ತೈದರ ಸುಮಾರು, ಕಿವಿಯಲ್ಲಿ ಬೀಡಿಯಂಥದ್ದೇನೋ ಸಿಕ್ಕಿಸಿಕೊಂಡಿದ್ದರು, ಹತ್ತಿರ ಬಂದಾಗ ನೋಡಿದರೆ ಪೆನ್ಸಿಲ್ಲು. ಅವರು ನನಗೆ ಕುರ್ಚಿ ತರಲಿಲ್ಲ. ಇಳಿಯಿರಿ ಎಂದೂ ಅನ್ನಲಿಲ್ಲ. ಬಾಗಿಲಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಇಂಜಿನ್ ಕೇಳಿದರು. ನನ್ನ ಬೆರಳು ನನಗೆ ತಿಳಿಯದ ಹಾಗೆ ಡೈರಿಯ ಮೇಲೆ ತಾಳ ಹಾಕುತ್ತಿದ್ದವು. ಅವರು ಕಣ್ಣು ತೆರೆದು ನನ್ನ ಬೆರಳು ನೋಡಿದರು.

"ಐತಮ್ಮ. ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೀತೈತೆ. ನೀವು ಹಾಕೋ ತಾಳ ಕರೆಕ್ಟು."

ಈ ವಯಸ್ಸಿನಲ್ಲಿ ನನ್ನನ್ನು ಸುಲಭವಾಗಿ ಅಳಿಸಲಾಗದು. ಆದರೆ ಆ ಮನುಷ್ಯ ಇನ್ನೊಂದು ವಾಕ್ಯ ಹೇಳಿದ್ದರೆ ಅತ್ತುಬಿಡುತ್ತಿದ್ದೆ. ಮೂರು ತಿಂಗಳ ಮೇಲೆ ಒಬ್ಬರು ನನ್ನ ಮಾತನ್ನು ನಿಂತು ಕೇಳಿದ್ದರು. ತಕ್ಷಣ ಶೈಲಜಳಿಗೆ ಫೋನ್ ಮಾಡಲು ಪರ್ಸಿಗೆ ಕೈ ಹಾಕಿದೆ. ಅವರು, ಇರಿ, ಮೊದಲು ಯಾಕೆ ಅಂತ ನೋಡೋಣ ಎಂದರು. ಯಾವಾಗ ಬರುತ್ತೆ ಅಂತ ಹೇಳಬೇಡಿ, ಯಾವಾಗ ಬರಲ್ಲ ಅದು ಹೇಳಿ ಎಂದರು. ಡೈರಿ ತೆಗೆದೆ. ಅವರಿಗೆ ಇಂಗ್ಲಿಷ್ ಬಾರದು, ನಾನೇ ಕನ್ನಡ ಮಾಡಿ ಓದುತ್ತಾ ಹೋದೆ. ಬಿಸಿಲು, ಬಂತು. ಮೋಡ, ಬಂತು. ಫುಲ್ ಲೋಡ್, ಬಂತು. ಖಾಲಿ, ಬಂತು. ಬರದ ದಿನಗಳು: ಗಾಡಿಯಲ್ಲಿ ಶೈಲಜ, ನಾರಾಯಣಪ್ಪ. ಗಾಡಿಯಲ್ಲಿ ನಾರಾಯಣಪ್ಪ ಒಬ್ಬನೇ. ಗಾಡಿಯಲ್ಲಿ ಬಾಷಾ. ಬಂದ ದಿನಗಳು: ನಾರಾಯಣಪ್ಪ ಮತ್ತು ಸೆಲ್ಫ್. ನಾರಾಯಣಪ್ಪ ಮತ್ತು ಸೆಲ್ಫ್. ಸೆಲ್ಫ್ ಅಂದರೆ ಯಾರು ಎಂದು ಅವರು ಕೇಳಿದರು. ನಾನು ಎಂದೆ. ನನ್ನ ಚಾರ್ಜ್‌ಶೀಟನ್ನು ಅಷ್ಟು ಅಂದದ ಅಕ್ಷರದಲ್ಲಿ ನಾನೇ ಬರೆದು, ನಾನೇ ನಿಂತು, ಅಲ್ಲ, ಕೂತು ಓದಿದ್ದೆ.

"ನೀವು ಕೂತ್ರೆ ಬರುತ್ತಮ್ಮ," ಎಂದರು ಕೃಷ್ಣಾಚಾರಿ.

ಎಂಥ ಮಾತು ಅದು. ಪ್ಲಗ್ ಅಲ್ಲ, ಪೆಟ್ರೋಲ್ ಅಲ್ಲ, ನಾರಾಯಣಪ್ಪನ ಪಾದವೂ ಅಲ್ಲ, ಫಾಲ್ಟು ನಾನು. ನಾಲ್ಕು ಊರು ಸುತ್ತಿ, ನಾಲ್ಕು ಗ್ಯಾರೇಜ್ ಹತ್ತಿ ಇಳಿದು ಕಂಡುಹಿಡಿದ ಸತ್ಯ ಇದು. ನಾನು ಐವತ್ತೊಂದು ಕೆಜಿ ಇರುವ ಹೆಂಗಸು, ನನ್ನ ಮೂರರಷ್ಟಿರುವ ಗಂಡಸರು ಇಂಥ ಗಾಡಿಗಳಲ್ಲಿ ದಿನಾ ಓಡಾಡುತ್ತಾರೆ, ಅವರಿಗೆಲ್ಲ ಕೆಮ್ಮದ ಇಂಜಿನ್ ನನಗೆ ಯಾಕೆ ಕೆಮ್ಮಬೇಕು ಎಂದು ಬಹಳ ಗಟ್ಟಿಯಾಗಿ ವಾದಿಸಿದೆ. ಅವರು, ಈಗ ಇಳೀಬಹುದು ಎಂದರು. ಇಳಿದೆ. ಇಂಜಿನ್ ಆಫ್ ಮಾಡಿಸಿ, ನನ್ನ ಸೀಟಿನ ಕೊಕ್ಕೆ ಬಿಡಿಸಿ ಮೇಲೆತ್ತಿದರು. ಒಳಗಿನಿಂದ ಇಡ್ಲಿ ಪಾತ್ರೆ ತೆರೆದ ಹಾಗೆ ಹಬೆ ಎದ್ದಿತು. ಹಬೆ ಚದುರಿದ ಮೇಲೆ ಕಂಡದ್ದು, ಅಂದವಾಗಿ ನಾಲ್ಕು ಮಡಿಕೆ ಮಡಿಸಿ, ಇಂಜಿನ್ನಿನ ಮುಚ್ಚಳದ ಮೇಲೆ ಹಾಸಿದ್ದ ಗೋಣಿಚೀಲ. ಒದ್ದೆ ಗೋಣಿಚೀಲ. ನೀರು ತೊಟ್ಟಿಕ್ಕುತ್ತಿತ್ತು.

ನಮ್ಮ ನರ್ಸರಿ ನೋಡಿದವರಿಗೆ ಇದು ಯಾರ ಬುದ್ಧಿ ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಎಲ್ಲ ಬಿಸಿಗೂ ಒದ್ದೆ ಗೋಣಿಯೇ ಔಷಧಿ. ಬೀಜ ಹಾಕಿದ ಟ್ರೇ ಕಾದರೆ ಒದ್ದೆ ಗೋಣಿ, ಕುಡಿಯುವ ನೀರಿನ ಕೊಳಗಕ್ಕೆ ಒದ್ದೆ ಗೋಣಿ, ಬಿಸಿಲಿಗೆ ಬಿದ್ದ ಪಂಪಿಗೂ ಒದ್ದೆ ಗೋಣಿ. ಬೇಸಿಗೆಯಲ್ಲಿ ಒಂದು ದಿನ ನಾನು, ಈ ಸೀಟು ಬಾಣಲೆ ಹಾಗೆ ಕಾಯುತ್ತಪ್ಪ ಎಂದು ಅಂದಿದ್ದೆನಂತೆ. ಅಂದಿನಿಂದ ನಾರಾಯಣಪ್ಪ, ನಾನು ಬರುವ ದಿನ ಮಾತ್ರ, ಹೊರಡುವ ಮೊದಲು ಒಂದು ಗೋಣಿ ನೆನೆಸಿ ಸೀಟಿನ ಕೆಳಗೆ ಹಾಸುತ್ತಿದ್ದ. ಮುಚ್ಚಳದ ರಬ್ಬರ್ ಅಂಚು ಹಳತಾಗಿ ಬಿರುಕು ಬಿಟ್ಟಿತ್ತು. ಆ ಸಂದಿಯಿಂದ ನೀರು ಒಂದೊಂದೇ ಹನಿ ಇಳಿದು ಪ್ಲಗ್ ಕೂತಿರುವ ಗುಳಿಗೆ ಸೇರುತ್ತಿತ್ತು. ಅಲ್ಲಿ ನೀರಿದ್ದರೆ ಕಿಡಿ ಹಾರುವುದಿಲ್ಲ, ಏಟು ತಪ್ಪುತ್ತದೆ. ಸ್ವಲ್ಪ ಹೊತ್ತಿಗೆ ಇಂಜಿನ್ ಬಿಸಿಗೆ ಗೋಣಿಯೂ ಗುಳಿಯೂ ಒಣಗುತ್ತವೆ, ಗಾಡಿ ನೆಟ್ಟಗಾಗುತ್ತದೆ. ಗ್ಯಾರೇಜ್ ತಲುಪುವ ಹೊತ್ತಿಗೆ ಎಲ್ಲ ಒಣಗಿರುತ್ತಿತ್ತು. ಅದೂ ಸಾಲದೆಂದು, ಮೆಕ್ಯಾನಿಕ್ ಸೀಟ್ ಎತ್ತುವ ಮೊದಲೇ ಇವನು ಆ ಗೋಣಿಯನ್ನು ತೆಗೆದು ಹಿಂದೆ ಬಿಸಾಕುತ್ತಿದ್ದ. ಪರರ ಮುಂದೆ ಸೀಟಿನ ಕೆಳಗೆ ಹರಕು ಗೋಣಿ ಕಂಡರೆ ನಮ್ಮ ಮನೆಗೆ ಮರ್ಯಾದೆಯಲ್ಲ ಎಂದು. ಇವತ್ತು ಹೊಲದ ಬೋರ್‌ವೆಲ್ಲಿನಲ್ಲಿ ನೆನೆಸಿ ಹಾಕಿ ಎರಡು ಫರ್ಲಾಂಗ್ ಬರುವಷ್ಟರಲ್ಲಿ ನಾನು ನಿಲ್ಲಿಸಿದ್ದರಿಂದ ಸಿಕ್ಕಿಬಿದ್ದಿತ್ತು.

ಕೃಷ್ಣಾಚಾರಿ ಗುಳಿಯನ್ನು ಬಟ್ಟೆಯಿಂದ ಒರೆಸಿ, ಊದಿ ಒಣಗಿಸಿ ಸ್ಟಾರ್ಟ್ ಮಾಡಿದರು. ಒನ್, ಟೂ, ಥ್ರೀ, ಫೋರ್, ಸಿಸ್ಟರ್ ಬರ್ನಡೆಟ್ ಕೂಡ ಸ್ಕೇಲ್ ಕೆಳಗಿಡುವ ಹಾಗೆ ಓಡಿತು. ಸಂದಿಗೆ ಅರ್ಧ ಲೋಟ ನೀರು ಬಿಟ್ಟರು, ಕೆಮ್ಮಿತು. ಮತ್ತೆ ಒಣಗಿಸಿದರು, ನಿಂತಿತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಇದಿಷ್ಟೂ ಹೊತ್ತು ನಾರಾಯಣಪ್ಪ ಆ ಗೋಣಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಏಮಿ ನಾರಾಯಣಪ್ಪ, ಇಂಜಿನ್‌ಗೆ ಜ್ವರ ಬಂದಿತ್ತಾ, ಒದ್ದೆ ಬಟ್ಟೆ ಹಾಕಿದ್ದೆ ಎಂದು ಕೃಷ್ಣಾಚಾರಿ ಕೆಣಕಿದರು. ಅವನು ಗೋಣಿಯನ್ನು ಇನ್ನೊಂದು ಮಡಿಕೆ ಮಡಿಸಿದ. ನಾನು ಬಿಡಲಿಲ್ಲ. ಮೂರು ತಿಂಗಳ ಸಿಟ್ಟು, ಮೂರು ಕುರ್ಚಿಗಳ ಸಿಟ್ಟು, ಖಾಲಿ ಸ್ಕ್ರೀನಿನ ಸಿಟ್ಟು, ಎಲ್ಲ ಒಟ್ಟಿಗೆ ಬಂತು.

"ಅಲ್ಲಯ್ಯಾ, ನನ್ನ ಜೊತೆ ಊರೂರು ಸುತ್ತಿದೀಯ. ನನ್ನ ಸೀಟೇ ಹೋಗೋ ಹಾಗಾಗಿತ್ತು. ಗೋಣಿ ಹಾಕ್ತೀನಿ ಅಂತ ಒಂದು ದಿನ ಬಾಯಿಬಿಟ್ಟು ಹೇಳೋಕ್ಕೆ ನಿನಗೇನಾಗಿತ್ತು?"

ಅವನು ತಲೆ ಎತ್ತಿದ. ಅವನ ಮುಖದಲ್ಲಿದ್ದದ್ದು ತಪ್ಪಿತಸ್ಥನ ಭಾವ ಅಲ್ಲ, ಆಶ್ಚರ್ಯ.

"ದಿನಾ ಹೇಳ್ತಿದ್ನಲ್ಲಮ್ಮ. ನೀವು ಹತ್ತೋವಾಗೆಲ್ಲ, ಗೋಣಿ ನೆನ್ಸಿ ಹಾಕಿವ್ನಿ, ತಣ್ಣಗೈತೆ, ಕೂತ್ಕೊಳಿ ಅಂತ. ನೀವೂ ದಿನಾ 'ವೆರಿ ಗುಡ್, ವೆರಿ ಗುಡ್' ಅಂತಿದ್ರಿ."

ಕೃಷ್ಣಾಚಾರಿ ಬೇರೆ ಕಡೆ ತಿರುಗಿ ಪೆನ್ಸಿಲ್ ಹುಡುಕತೊಡಗಿದರು, ಅದು ಕಿವಿಯಲ್ಲೇ ಇತ್ತು. ನನಗೆ ದಿನಾ ಬೆಳಿಗ್ಗೆ ಅವನ ತುಟಿ ಅಲ್ಲಾಡಿದ್ದು ನೆನಪಾಯಿತು. ದೇವರ ಹೆಸರು ಹೇಳಿ ಗಾಡಿ ತೆಗೆಯುತ್ತಾನೆ, ಭಕ್ತ, ಎಂದುಕೊಂಡಿದ್ದೆ. ಮಾತು ಸರಿಯಾಗಿ ತಿಳಿಯದಾಗ ನಗುತ್ತಾ 'ವೆರಿ ಗುಡ್' ಎನ್ನಬೇಕು ಎನ್ನುವುದು ನಮಗೆ ಕಲಿಸಿದ ಗುಡ್ ಮ್ಯಾನರ್ಸ್. ಅದನ್ನು ಇಷ್ಟು ವರ್ಷ ತಪ್ಪದೆ ಪಾಲಿಸಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಶೈಲಜಳ ಫೋನ್ ಬಂತು. ಏನಾಯ್ತು ಅತ್ತೆ, ಮಿಸ್ಸಿಂಗ್ ಇದೆಯಂತಾ, ಯಾಕಂತೆ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ನೀವೇ ಹೇಳಿ, ನಾನು ಏನು ಹೇಳಬೇಕಿತ್ತು? ಇದೆ, ನಾನು ಗೆದ್ದೆ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಗೋಣಿ ಹೇಳಬೇಕು. ಗೋಣಿ ಹೇಳಿದರೆ ನಾರಾಯಣಪ್ಪನನ್ನು ಕರೆದು ವಿಚಾರಿಸುತ್ತಾಳೆ, ಅವನು ಇದ್ದಂಗೂ ಇಲ್ದಂಗೂ ಅನ್ನದೆ ಈ ಸಲ ಮಾತ್ರ ಸ್ಪಷ್ಟವಾಗಿ ಸಾಕ್ಷಿ ಹೇಳುತ್ತಾನೆ. ನಾನು ಕೇಸ್ ಗೆದ್ದ ಗಳಿಗೆಯಲ್ಲೇ ಸೀಟು ಕಳೆದುಕೊಳ್ಳುತ್ತೇನೆ. ಏನೂ ತೋಚದೆ, ಎಲ್ಲರೂ ಮಾಡುವುದನ್ನೇ ಮಾಡಿದೆ. ಹಲೋ, ಹಲೋ, ಏನೂ ಕೇಳಿಸ್ತಿಲ್ಲ ಕಣೇ, ಮತ್ತೆ ಮಾಡ್ತೀನಿ ಎಂದು ಫೋನ್ ಇಟ್ಟುಬಿಟ್ಟೆ. ಇಟ್ಟ ಮೇಲೆ ನಾನು ಏನು ಹೇಳಿದೆ ಎನ್ನುವುದು ನನಗೆ ಅರ್ಥವಾಯಿತು. ನಾವು ಮನೆ ಮುಟ್ಟುವ ಹೊತ್ತಿಗೆ ಶೈಲಜ ಕೋಲಾರದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಾಗಿತ್ತು.

ಪರೀಕ್ಷೆ ಮಾಡಿದವಳು ಮೃದು ಸ್ವಭಾವದ ಹೆಣ್ಣುಮಗಳು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಸದ್ದು ಬಿಟ್ಟು, ಕೇಳಿಸಿದಾಗೆಲ್ಲ ಗುಂಡಿ ಒತ್ತಿಸಿಕೊಂಡು ಒಂದು ಗ್ರಾಫ್ ತೆಗೆದಳು. ಅದನ್ನು ನಮ್ಮಿಬ್ಬರ ಮುಂದೆ ಬಿಡಿಸಿ ಹೇಳಿದಳು. ಇವರಿಗೆ ದಪ್ಪ ಸದ್ದು ಬಹಳ ಚೆನ್ನಾಗಿ ಕೇಳಿಸುತ್ತದೆ, ಇಂಜಿನ್ನು, ಗುಡುಗು, ಬಸ್ಸು, ಈ ವಯಸ್ಸಿಗೆ ಇದು ಅಪರೂಪ. ಸಣ್ಣ ಸದ್ದು ಕೇಳುವುದಿಲ್ಲ, ಅದರಲ್ಲೂ ಬಲಗಿವಿಗೆ. ಮಾತಿನ ಬಹಳಷ್ಟು ಅಕ್ಷರ ಇರುವುದು ಆ ಸಣ್ಣ ಸದ್ದಿನಲ್ಲೇ. ಡ್ರೈವರ್ ಕೂರುವುದು ನನ್ನ ಬಲಗಡೆಗೆ. ನಾನು ಗ್ರಾಫನ್ನು ತಲೆಕೆಳಗಾಗಿ ಹಿಡಿದು ನೋಡಿದೆ, ಆಗಲೂ ಅದು ನನ್ನ ಪರ ಬರಲಿಲ್ಲ. ಶೈಲಜ ಗೆದ್ದವಳ ಮುಖ ಮಾಡಲಿಲ್ಲ, ಅದು ಅವಳ ದೊಡ್ಡ ಗುಣ. ಬಸ್ಸು ಕೇಳಿಸುತ್ತೆ ಅಂದ್ರಲ್ಲ, ಅಷ್ಟು ಸಾಕು, ಮಿಷಿನ್ ಹಾಕ್ಕೊಂಡು ಹೋಗಿ ಬನ್ನಿ ಅತ್ತೆ ಎಂದಳು. ಅವತ್ತು ದಾರಿಯಲ್ಲೇ ಗೋಣಿಯ ಕಥೆಯನ್ನು ಅವಳಿಗೆ ಹೇಳಿಬಿಟ್ಟೆ. ನಾರಾಯಣಪ್ಪನಿಗೆ ಏನೂ ಅನ್ನಕೂಡದು ಎಂದು ಮಾತು ತೆಗೆದುಕೊಂಡೇ ಹೇಳಿದ್ದು. ಅವಳು ಬಹಳ ಹೊತ್ತು ನಕ್ಕಳು. ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿಸಿದಳು.

ಈಗ ಎಂದಿನಂತೆ ಬುಧವಾರ ಮುಳಬಾಗಿಲಿಗೆ ಹೋಗುತ್ತೇನೆ, ಬಲಗಿವಿಯಲ್ಲಿ ಹುಣಸೆಬೀಜದಷ್ಟು ಮಿಷಿನ್ ಇಟ್ಟುಕೊಂಡು. ಸೀಟು ಕಾಯುತ್ತದೆ, ನಾನು ಬಾಯಿ ಬಿಡುವುದಿಲ್ಲ. ಮೊದಲ ದಿನ ಗೊತ್ತಾದ ವಿಷಯ, ಮಿತಭಾಷಿ ಎಂದು ನಾನು ತಿಳಿದುಕೊಂಡಿದ್ದ ನಾರಾಯಣಪ್ಪ ಕ್ಯಾಲನೂರಿನಿಂದ ಮುಳಬಾಗಿಲಿನವರೆಗೆ ಒಂದು ನಿಮಿಷ ಸುಮ್ಮನಿರುವುದಿಲ್ಲ. ಮಗಳ ಮನೆ, ಹಸುವಿನ ಕೆಚ್ಚಲು ಬಾವು, ಊರಿನ ಜಗಳ, ಎಲ್ಲವನ್ನೂ ಹೇಳುತ್ತಾನೆ. ಎರಡು ವರ್ಷದಿಂದ ಹೀಗೇ ಹೇಳುತ್ತಾ ಬಂದಿದ್ದಾನಂತೆ. ನನ್ನಷ್ಟು ತಾಳ್ಮೆಯಿಂದ ಯಾರೂ ಕೇಳಿಲ್ಲವಂತೆ. ಹೋದ ವಾರ, ಮಾತಿನ ನಡುವೆ, ಅವನ ಅತ್ತೆ ತೀರಿಕೊಂಡು ವರ್ಷವಾಯಿತು, ತಿಥಿ ಬಂತು ಎಂದ. ಅಯ್ಯೋ, ನನಗೆ ಹೇಳಲೇ ಇಲ್ಲವಲ್ಲ ಎಂದೆ.

"ಹೇಳಿದ್ನಲ್ಲಮ್ಮ, ಇದೇ ಗಾಡೀಲಿ."

ನನಗೆ ಕೇಳುವುದಕ್ಕೆ ಧೈರ್ಯವಿರಲಿಲ್ಲ. ಆದರೂ ಕೇಳಿದೆ, ಆಗ ನಾನು ಏನಂದೆ?

ನಾರಾಯಣಪ್ಪ ಗೇರ್ ಬದಲಾಯಿಸಿ, ರಸ್ತೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಎರಡು ವರ್ಷದಲ್ಲಿ ಅವನು ಸುಮ್ಮನಿದ್ದದ್ದು ಬಹುಶಃ ಅದೊಂದೇ ಸಲ.

"ಬಿಡಿ ಅಮ್ಮ," ಎಂದ. "ನಾನೂ ಮನ್ಸಲ್ಲಿ ಅದನ್ನೇ ಅನ್ಕೊಂಡಿದ್ದೆ."